ತವರಿನ ಬಾಣಂತನ, ಆಶಾಳ ಪಟ್ಟಿ

ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಕೂಸು ಹುಟ್ಟಿದ ಐದನೆಯ ರಾತ್ರಿ ಸಟವಿ ಬಂದು ಹಣೆಬರಹ ಬರೆಯುತ್ತಾಳೆ ಎಂಬ ನಂಬಿಕೆ ಹಳೆಯದು. ಆ ರಾತ್ರಿ ದೀಪ ಆರಬಾರದು, ಹಿರಿಯ ಹೆಂಗಸರು ಎಚ್ಚರವಿರಬೇಕು. ನಂಬಿಕೆಯ ಮಾತು ಹಾಗಿರಲಿ, ದಿನದ ಲೆಕ್ಕ ಮಾತ್ರ ಬಹಳ ತಪ್ಪಿಲ್ಲ. ನಮ್ಮ ದೇಶದಲ್ಲಿ ಐದು ವರ್ಷದೊಳಗೆ ಸಾಯುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸಾಯುವುದು ಮೊದಲ ತಿಂಗಳಲ್ಲೇ, ಅದರಲ್ಲೂ ಮೊದಲ ವಾರದಲ್ಲಿ. ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದ ಕಾಲದಲ್ಲಿ ಧನುರ್ವಾಯು ತಲೆಯೆತ್ತುತ್ತಿದ್ದುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ.

ಈಗ ಬಾಗಿಲಿಗೆ ಬರುವವಳು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನ; ಮನೆಯಲ್ಲಾಗಿದ್ದರೆ ಮೊದಲ ದಿನವೂ ಸೇರಿ ಏಳು ಭೇಟಿ. ಕೂಸನ್ನು ತೂಗುತ್ತಾಳೆ, ಮೈ ಬಿಸಿ ನೋಡುತ್ತಾಳೆ, ಹೊಕ್ಕುಳು ಕೀವಾಗಿದೆಯೇ, ಹಾಲು ಕುಡಿಯುತ್ತಿದೆಯೇ ಎಂದು ವಿಚಾರಿಸುತ್ತಾಳೆ. ಈ ಪದ್ಧತಿಯ ಬೇರು ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಶಿಶುಮರಣ ತಗ್ಗಿಸಿದ ವಿವರ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೇಂದ್ರ ಸರ್ಕಾರ ಅದನ್ನು ದೇಶಕ್ಕೆಲ್ಲ ಹಬ್ಬಿಸಿದ್ದು 2011ರಲ್ಲಿ.

ಅಂಗನವಾಡಿ ಇದಕ್ಕಿಂತ ಹಳೆಯದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ.

ಯೋಜನೆಗಳ ಕೊರತೆ ಇಲ್ಲ. ತೊಡಕಿರುವುದು ನಮ್ಮ ಬಾಣಂತನದ ದಾರಿಯಲ್ಲಿ. ಕಮಲಾಪುರದ ಕಡೆಯ ಹಳ್ಳಿಗೆ ಕೊಟ್ಟ ಹೆಣ್ಣುಮಗಳೊಬ್ಬಳ ತವರು ಕಲಬುರಗಿ ನಗರದಲ್ಲಿದೆ ಎಂದುಕೊಳ್ಳೋಣ. ಬಸಿರಿಯೆಂದು ಹೆಸರು ಬರೆಸಿ ತಾಯಿ ಕಾರ್ಡ್ ಪಡೆದದ್ದು ಗಂಡನ ಊರಿನಲ್ಲಿ. ಕುಬಸ ಮುಗಿಸಿಕೊಂಡು ತವರಿಗೆ ಹೋದಳು, ಚೊಚ್ಚಲ ಹೆರಿಗೆ ಅಲ್ಲೇ ಆಯಿತು. ಹಳ್ಳಿಯ ಆಶಾ ತನ್ನ ಪುಸ್ತಕದಲ್ಲಿ ‘ತವರಿಗೆ ಹೋಗಿದ್ದಾರೆ’ ಎಂದು ಬರೆದುಕೊಂಡರೆ, ನಗರದ ಓಣಿಯ ಆಶಾಳ ಪಟ್ಟಿಯಲ್ಲಿ ಇವಳ ಹೆಸರೇ ಇರುವುದಿಲ್ಲ. ಮನೆಯವರು ಹೇಳಿ ಕಳಿಸದಿದ್ದರೆ ಆರೂ ಭೇಟಿಗಳು ತಪ್ಪಿಹೋಗಬಹುದು. ಲಸಿಕೆಗೆ ಅಷ್ಟು ಅಡ್ಡಿಯಿಲ್ಲ. 6, 10, 14ನೆಯ ವಾರದ ಚುಚ್ಚುಮದ್ದು ತವರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ, ಕಾರ್ಡ್ ಒಯ್ದರೆ ಸಾಕು. ಅಂಗನವಾಡಿಯ ಹೆಸರನ್ನು ಒಂದೂರಿಂದ ಇನ್ನೊಂದೂರಿಗೆ ವರ್ಗಾಯಿಸಲು 2021ರಲ್ಲಿ ಬಂದ ‘ಪೋಷಣ್ ಟ್ರ್ಯಾಕರ್’ನಲ್ಲಿ ಅವಕಾಶವಿದೆ. ಆದರೆ ಹೇಳುವವರು ಬೇಕಲ್ಲ!

ಇನ್ನು ಊಟ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ‘ಮಾತೃಪೂರ್ಣ’ದಲ್ಲಿ ಬಸಿರಿ, ಬಾಣಂತಿಯರು ಅಂಗನವಾಡಿಗೇ ಬಂದು ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಉಣ್ಣಬೇಕೆಂದು ಗೊತ್ತುಮಾಡಲಾಯಿತು. ಕಾರಣ ಸರಳ: ಮನೆಗೆ ಒಯ್ದ ಪದಾರ್ಥ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆದರೆ ಹಸಿ ಬಾಣಂತಿ ಹೊಸಿಲು ದಾಟಬಾರದು ಎಂಬ ಮನೆಯಲ್ಲಿ, ಕೂಸನ್ನು ಬಿಟ್ಟು ಅವಳು ಊಟಕ್ಕೆ ಹೋಗುವುದೆಂತು? ಯೋಜಿಸಿದವರ ಮಾತಿನಲ್ಲೂ ನ್ಯಾಯವಿದೆ, ಅತ್ತೆಯ ಮಾತಿನಲ್ಲೂ ಇದೆ. ನನಗೆ ಕಾಣುವಂತೆ ಮೊದಲ ಕೆಲವು ವಾರಗಳ ಮಟ್ಟಿಗಾದರೂ ಊಟವೇ ಮನೆಗೆ ಬರುವುದು ಮೇಲು.

ಐದಾರು ತಿಂಗಳಿಗೆ ತೊಟ್ಟಿಲ ಸಮೇತ ಗಂಡನ ಮನೆಗೆ ಮರಳುವ ವೇಳೆಗೆ ಕೂಸಿಗೆ ಎದೆಹಾಲಿನ ಜೊತೆ ಬೇರೆ ಆಹಾರ ಶುರುಮಾಡಬೇಕಾದ ವಯಸ್ಸು. ಅಂಗನವಾಡಿಯಿಂದ ಮಗುವಿಗೆ ಆಹಾರ ಸಿಗತೊಡಗುವುದೂ ಆರು ತಿಂಗಳಿನಿಂದಲೇ. ಸರಿಯಾಗಿ ಅದೇ ಹೊತ್ತಿಗೆ ಹೆಸರು ಎರಡು ಊರುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಇದು ತೊಗರಿಯ ನಾಡು, ಕಮಲಾಪುರವೋ ಕೆಂಪು ಬಾಳೆಗೆ ಹೆಸರಾದದ್ದು. ಆದರೂ ಎಷ್ಟೋ ಮನೆಗಳಲ್ಲಿ ಕೂಸಿಗೆ ಸಿಗುವುದು ಬ್ಯಾಳಿಯ ಮೇಲಿನ ತಿಳಿನೀರು. ಸತ್ವವೆಲ್ಲ ತಳದಲ್ಲಿ ಉಳಿಯುತ್ತದೆ. ಬ್ಯಾಳಿಯನ್ನೇ ಹಿಚುಕಿ, ತುಸು ತುಪ್ಪವೋ ಎಣ್ಣೆಯೋ ಬೆರೆಸಿ ಉಣಿಸಬೇಕು.

ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಕ್ಕಳಲ್ಲಿ ಹಸಿವು ಸತ್ತವರನ್ನು, ಬೇರೆ ಕಾಯಿಲೆ ಅಂಟಿದವರನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ 14 ದಿನ, ತಾಯಿಯೂ ಜೊತೆಗಿರಬೇಕು. ಕೂಲಿ ತಪ್ಪಿದ್ದಕ್ಕೆ ಅವಳಿಗೆ ಒಂದಿಷ್ಟು ಹಣ ಕೊಡುತ್ತಾರೆ. ತೊಗರಿ ಕೊಯ್ಲಿನ ದಿನಗಳಾದರೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದು ಮೊದಲು ಬಗೆಹರಿಯಬೇಕು.