ಬಾದಾಮಿ ಮತ್ತು ಕಂಚಿ: ಒಂದು ನೆರೆವೈರದ ಪರಿಣಾಮ

ನೆರೆಯ ಅರಸುಮನೆಗಳೆರಡರ ವೈರವು ಕಾಲಕ್ರಮದಲ್ಲಿ ಹೇಗೆ ಮಾರ್ಪಡುವುದೆಂಬುದನ್ನು ಅರಿಯಲು ಬಾಗಲಕೋಟೆ ಜಿಲ್ಲೆಯವರು ದೂರ ಹೋಗಬೇಕಾದುದಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆ, ಬಾದಾಮಿ ಮತ್ತು ಇವೆರಡರ ನಡುವೆ ಮಲಪ್ರಭೆಯ ದಡದಲ್ಲಿರುವ ಪಟ್ಟದಕಲ್ಲು, ಈ ಮೂರು ಸ್ಥಳಗಳ ಶಾಸನಗಳನ್ನು ಕ್ರಮವಾಗಿ ಓದಿ, ಅವುಗಳ ಪಕ್ಕದಲ್ಲಿ ಕಂಚಿಯ ಒಂದು ಶಾಸನವನ್ನಿಟ್ಟರೆ ಸಾಕು.

ಐಹೊಳೆಯ ಮೇಗುತಿ ಜಿನಾಲಯದಲ್ಲಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಬರೆಯಿಸಿದ ಪ್ರಶಸ್ತಿಯು ಇಮ್ಮಡಿ ಪುಲಕೇಶಿಯ ಸೇನೆಯ ಧೂಳಿಗೆ ಮಸುಕಾದ ಪಲ್ಲವರಾಜನು ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿದನೆಂದು ಹೇಳುತ್ತದೆ. ಗೆದ್ದವನ ಕವಿಗೆ ಇದು ಸಹಜವಾದ ಹೆಮ್ಮೆ. ಆದರೆ ಎಂಟೇ ವರ್ಷಗಳಲ್ಲಿ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದು, ‘ವಾತಾಪಿಗೊಂಡ’ನೆನಿಸಿಕೊಂಡು, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೆತ್ತಿಸಿದನು, ಅದು ಭಗ್ನವಾಗಿ ಇಂದಿಗೂ ಉಳಿದಿದೆ. ಒಂದನೆಯ ವಿಕ್ರಮಾದಿತ್ಯನು 655ರ ಹೊತ್ತಿಗೆ ರಾಜಧಾನಿಯನ್ನು ಮರಳಿ ಪಡೆದನು. ಅನಂತರದ ಹೋರಾಟಗಳ ವಿವರ ಇಲ್ಲಿ ಬೇಕಿಲ್ಲ. ಪ್ರತಿಯೊಂದು ತಲೆಮಾರೂ ಹಿಂದಿನದರ ಲೆಕ್ಕವನ್ನು ತೀರಿಸಲು ಹವಣಿಸಿತೆಂದರೆ ಸಾಕು.

ಸುಮಾರು ಕ್ರಿ.ಶ. 733ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ವಿಕ್ರಮಾದಿತ್ಯನು ಈ ವಿಕ್ರಮಾದಿತ್ಯನ ಮರಿಮಗ. ಅವನ ಮಗ ಇಮ್ಮಡಿ ಕೀರ್ತಿವರ್ಮನ 757ರ ವಕ್ಕಲೇರಿ ತಾಮ್ರಪಟವು ಪಲ್ಲವನನ್ನು ಚಾಲುಕ್ಯಕುಲದ ‘ಪ್ರಕೃತ್ಯಮಿತ್ರ’, ಎಂದರೆ ಹುಟ್ಟು ಹಗೆ, ಎಂದೇ ಕರೆಯುತ್ತದೆ. ಆದರೂ ಅದೇ ತಾಮ್ರಪಟವು, ನಂದಿಪೋತವರ್ಮನನ್ನು ಓಡಿಸಿ ಕಂಚಿಯನ್ನು ಹೊಕ್ಕ ವಿಕ್ರಮಾದಿತ್ಯನು ಆ ನಗರವನ್ನು ಹಾಳುಮಾಡದೆ, ದೀನಾನಾಥರಿಗೆ ದಾನವಿತ್ತು, ರಾಜಸಿಂಹೇಶ್ವರವೇ ಮೊದಲಾದ ದೇವಾಲಯಗಳ ಸುವರ್ಣರಾಶಿಯನ್ನು ಅವುಗಳಿಗೇ ಒಪ್ಪಿಸಿದನೆಂದು ತಿಳಿಸುತ್ತದೆ. ವಾತಾಪಿಯ ಅವಮಾನವನ್ನು ಮರೆತವನು ಹೀಗೆ ಮಾಡಿದ್ದರೆ ಅದರಲ್ಲಿ ವಿಶೇಷವಿರಲಿಲ್ಲ. ಮರೆಯದವನು ಮಾಡಿದನೆಂಬುದೇ ಗಮನಾರ್ಹ.

ತಾಮ್ರಪಟವು ವಂಶದ ಹೊಗಳಿಕೆಯೆಂದು ಸಂದೇಹಪಡುವವರಿಗೆ ಕಂಚಿಯಲ್ಲಿಯೇ ಸಾಕ್ಷ್ಯವಿದೆ. ಇಂದು ಕೈಲಾಸನಾಥನೆನಿಸಿರುವ ರಾಜಸಿಂಹೇಶ್ವರ ದೇವಾಲಯದ ಮುಂದಣ ಮಂಟಪದ ಕಂಬವೊಂದರ ಮೇಲೆ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ದೇವರ ಧನವನ್ನು ಕಂಡು ಅದನ್ನು ದೇವರಿಗೇ ಬಿಟ್ಟನೆಂಬುದು ಅದರ ಮುಖ್ಯಾಂಶ. ನನ್ನ ಮಟ್ಟಿಗೆ ಅದಕ್ಕಿಂತಲೂ ಬೆಲೆಯುಳ್ಳದ್ದು ಕೊನೆಯ ಶಾಪಾಶಯ. ಈ ಧರ್ಮವನ್ನು ಕೆಡಿಸಿದವರು ಆ ನಗರದ ಘಟಿಕೆಯ ಮಹಾಜನರನ್ನು ಕೊಂದವರ ಗತಿಯನ್ನು ಹೊಂದುವರೆಂದು ಅದು ಹೇಳುತ್ತದೆ. ಶತ್ರುವಿನ ಊರಿನ ವಿದ್ವಾಂಸರನ್ನು ಕೊಲ್ಲುವುದು ಮಹಾಪಾತಕಗಳ ಸಾಲಿಗೆ ಸೇರಿತು.

ಇದರಿಂದ ಯುದ್ಧವು ನಿಂತಿತೆಂದು ಹೇಳುವಂತಿಲ್ಲ. ಕೀರ್ತಿವರ್ಮನು ಯುವರಾಜನಾಗಿದ್ದಾಗಲೇ ಮತ್ತೆ ಕಂಚಿಯ ಮೇಲೆ ಹೋಗಿ ಆನೆ, ಚಿನ್ನ, ಮಾಣಿಕ್ಯಗಳನ್ನು ತಂದನು. ಅರಸರ ನಡುವೆ ಹಗೆ ಮುಂದುವರಿಯಿತು. ಸುಧಾರಿಸಿದುದು ಹಗೆಯಾಡುವ ರೀತಿ, ಮತ್ತು ಎದುರಾಳಿಯಲ್ಲಿ ಗೌರವಾರ್ಹವಾದುದು ಏನಿದೆಯೆಂಬ ತಿಳಿವಳಿಕೆ.

ಈ ತಿಳಿವಳಿಕೆಯ ಫಲವು ಪಟ್ಟದಕಲ್ಲಿನಲ್ಲಿದೆ. ಪತಿಯು ಕಂಚಿಯನ್ನು ಮೂರು ಸಲ ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಲೋಕೇಶ್ವರವನ್ನು, ಎಂದರೆ ಈಗಿನ ವಿರೂಪಾಕ್ಷ ದೇವಾಲಯವನ್ನು, ಕಟ್ಟಿಸಿದಳು. ವಿಜಯಸ್ಮಾರಕವಾದರೂ ಅದರ ಪ್ರಾಕಾರ, ಒಳಸುತ್ತಿನ ಕಿರುಗುಡಿಗಳು, ವಿಮಾನದ ರಚನೆ ಇವೆಲ್ಲ ಸೋತ ಕಂಚಿಯ ರಾಜಸಿಂಹೇಶ್ವರವನ್ನೇ ನೆನಪಿಗೆ ತರುತ್ತವೆ. ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ಯೆಂಬ ಬಿರುದು ದೊರೆಯಿತು. ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಶಾಸನದಲ್ಲಿ ಹೊಗಳಿಸಿಕೊಂಡ ಸರ್ವಸಿದ್ಧಿ ಆಚಾರಿಯನ್ನು ಕಂಚಿಯಿಂದ ಸೆರೆತಂದ ಶಿಲ್ಪಿಯೆಂದು ಹೇಳುವ ರೂಢಿಯಿದೆ. ಶಾಸನದಲ್ಲಿ ಸೆರೆಯ ಮಾತಿಲ್ಲ, ಸನ್ಮಾನದ ಮಾತಿದೆ.

ಕಂಚಿಯ ಕಡೆಯವರ ನಡತೆಯನ್ನೂ ಗಣಿಸಬೇಕು. ಚಾಲುಕ್ಯಸೇನೆ ಮರಳಿದ ಮೇಲೆ ನಂದಿವರ್ಮನು ಬಹುಕಾಲ ಅಲ್ಲಿ ಆಳಿದನು. ತನ್ನ ಸೋಲನ್ನು ಸಾರುವ ಶತ್ರುವಿನ ಆ ಕನ್ನಡ ಅಕ್ಷರಗಳನ್ನು ಕಂಬದಿಂದ ಕೆತ್ತಿ ತೆಗೆಯಿಸುವುದು ಅವನಿಗೆ ಒಂದು ದಿನದ ಕೆಲಸವಾಗಿತ್ತು. ಅವು ಈಗಲೂ ಅಲ್ಲಿವೆ.