ಸ್ಕೂಟರಿನ ಸಾಫ್ಟ್‌ವೇರ್: ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ?

ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಹೊಸೂರಿನಲ್ಲಿ ಈಥರ್, ಅದೇ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾ ಎಲೆಕ್ಟ್ರಿಕ್ ಸ್ಕೂಟರ್‌ಗಳು ತಯಾರಾಗುತ್ತವೆ. ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾಲದಿಂದಲೂ ಹೊಸೂರು ಅಂದರೆ ವಾಹನದ ಊರೇ. ಆದರೆ ಈಗಿನ ಸ್ಕೂಟರ್ ಶೋರೂಮ್ ಬಿಟ್ಟ ಮೇಲೂ ಬದಲಾಗುತ್ತಲೇ ಇರುತ್ತದೆ. ಮನೆ ಮುಂದೆ ನಿಂತಿದ್ದಾಗಲೇ ಇಂಟರ್‌ನೆಟ್ ಮೂಲಕ ಹೊಸ ಸಾಫ್ಟ್‌ವೇರ್ ಬಂದು ಕೂರುತ್ತದೆ. ಅದರಲ್ಲಿ ತಪ್ಪಿದ್ದರೆ ಸವಾರ ರಸ್ತೆ ಮಧ್ಯೆ ನಿಲ್ಲಬೇಕಾದೀತು.

ಇದನ್ನು ತಡೆಯಲು ಸಾಫ್ಟ್‌ವೇರ್ ಲೋಕದಲ್ಲಿರುವ ಪದ್ಧತಿಯೇ ‘ಕಂಟಿನ್ಯುವಸ್ ಇಂಟಿಗ್ರೇಷನ್’, ಅಂದರೆ ಸಿಐ. ಇಂಜಿನಿಯರ್ ಒಂದು ಸಾಲು ಬದಲಿಸಿದರೂ ಸಾಕು, ಕಂಪ್ಯೂಟರ್‌ಗಳು ತಾವಾಗಿಯೇ ಪ್ರೋಗ್ರಾಂ ಕಟ್ಟಿ ಪರೀಕ್ಷೆ ಮಾಡುತ್ತವೆ. ಇದಕ್ಕೆ ಬಳಸುವ ಸಾಧನಗಳಲ್ಲಿ ಜೆಂಕಿನ್ಸ್ ಹಳಬ. ಹಡ್ಸನ್ ಎಂದಿದ್ದ ಹೆಸರು 2011ರಲ್ಲಿ ಜೆಂಕಿನ್ಸ್ ಆಯಿತು. ದೊಡ್ಡ ಕಂಪನಿಯಲ್ಲಿ ದಿನಕ್ಕೆ ಸಾವಿರಾರು ಪರೀಕ್ಷೆಗಳು ಕ್ಯೂ ನಿಂತಿರುತ್ತವೆ. ಯಾವುದನ್ನು ಮೊದಲು ಬಿಡೋದು ಅನ್ನೋದೇ ತಲೆನೋವು.

ಒಂದು ಲೆಕ್ಕ ಹಾಕಿ ನೋಡೋಣ. ಪ್ರೋಗ್ರಾಂ ಕಟ್ಟೋಕೆ 10 ನಿಮಿಷ. ಅದಾದ ಮೇಲೆ ಬ್ಯಾಟರಿ ಪರೀಕ್ಷೆಗೆ 15, ಡಿಸ್‌ಪ್ಲೇಗೆ 20, ಬ್ರೇಕ್‌ಗೆ 12. ಮೂರೂ ಪಾಸಾದರೆ ಪ್ಯಾಕಿಂಗ್‌ಗೆ 5. ಒಂದೇ ಕಂಪ್ಯೂಟರಲ್ಲಿ ಒಂದಾದ ಮೇಲೊಂದು ಮಾಡಿದರೆ 62 ನಿಮಿಷ. ಪರೀಕ್ಷೆಗಳನ್ನು ಮೂರು ಕಂಪ್ಯೂಟರಿಗೆ ಹಂಚಿದರೆ 35. ಇನ್ನೂ ಹತ್ತು ಕಂಪ್ಯೂಟರ್ ತಂದಿಟ್ಟರೂ ಅದು ಇಳಿಯೋದಿಲ್ಲ! ಯಾಕೆಂದರೆ ಕಟ್ಟೋದು, ಡಿಸ್‌ಪ್ಲೇ, ಪ್ಯಾಕಿಂಗ್ ಮೂರೂ ಒಂದರ ಬಾಲ ಇನ್ನೊಂದು ಹಿಡಿದಿವೆ. ಬಿ.ಕಾಂ. ಓದುವಾಗ ‘ಕ್ರಿಟಿಕಲ್ ಪಾತ್’ ಲೆಕ್ಕ ಬಿಡಿಸಿದವರಿಗೆ ಇದು ಹೊಸತಲ್ಲ. ಡಿಸ್‌ಪ್ಲೇ ಪರೀಕ್ಷೆಯನ್ನು ಹತ್ತತ್ತು ನಿಮಿಷದ ಎರಡು ತುಂಡು ಮಾಡಿದರೆ ನಾಲ್ಕನೇ ಕಂಪ್ಯೂಟರಿಗೆ ಕೆಲಸ ಸಿಗುತ್ತದೆ, ಒಟ್ಟು ಸಮಯ 30ಕ್ಕೆ ಇಳಿಯುತ್ತದೆ. ಆಗ ಕಾಯಿಸುವುದು ಬ್ಯಾಟರಿ.

ಇನ್ನೊಂದು ದಾರಿ, ಬದಲಾವಣೆ ತಟ್ಟುವ ಭಾಗವನ್ನು ಮಾತ್ರ ಪರೀಕ್ಷಿಸುವುದು. ಗೂಗಲ್ 2015ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ಬೇಜೆಲ್ ಮಾಡುವುದು ಇದನ್ನೇ. ಯಾವ ಭಾಗಕ್ಕೆ ಯಾವ ಫೈಲ್ ಬೇಕು ಎಂಬ ಪಟ್ಟಿ ನೋಡಿ, ಏನೂ ಬದಲಾಗದ ಕಡೆ ಹಳೆಯ ಫಲಿತಾಂಶವನ್ನೇ ಕೊಡುತ್ತದೆ. ಅಪಾಯ ಇರೋದೂ ಇಲ್ಲೇ. ಬ್ರೇಕ್ ಭಾಗ ಬ್ಯಾಟರಿಯ ಒಂದು ಫೈಲ್ ಬಳಸುತ್ತಿದೆ, ಅದನ್ನು ಪಟ್ಟಿಯಲ್ಲಿ ಬರೆಯೋಕೆ ಮರೆತಿದ್ದಾರೆ ಅಂತಿಟ್ಟುಕೊಳ್ಳಿ. ಆ ಫೈಲ್ ಬದಲಾದರೂ ಬ್ರೇಕ್ ಪರೀಕ್ಷೆ ನಡೆಯೋದಿಲ್ಲ, ಪರದೆ ಮೇಲೆ ಮಾತ್ರ ‘ಪಾಸ್’. ಸಾಲದ ಚೀಟಿಯೊಂದು ಪುಸ್ತಕಕ್ಕೆ ಏರದೆ ಅಂಗಡಿ ಲೆಕ್ಕ ಸರಿ ಬಂದ ಹಾಗೆ. ಇದಕ್ಕಾಗಿಯೇ ಬೇಜೆಲ್ ಪ್ರತಿ ಕೆಲಸವನ್ನೂ ಬೇರೆ ಕೋಣೆಯಲ್ಲಿ ಕೂಡಿಹಾಕಿದಂತೆ ನಡೆಸಬಲ್ಲದು. ಪಟ್ಟಿಯಲ್ಲಿಲ್ಲದ ಫೈಲ್ ಒಳಗೆ ಸಿಗೋದೇ ಇಲ್ಲ, ಕೆಲಸ ಅಲ್ಲೇ ನಿಂತು ಮರೆವು ಬಯಲಾಗುತ್ತದೆ.

ಮಂಗಳೂರು, ಉಳ್ಳಾಲದ ಕಡೆಯಿಂದ ಬೆಂಗಳೂರಿಗೆ ಐಟಿ ಕೆಲಸ ಹುಡುಕಿ ಹೋಗುವ ಯುವಕ ಯುವತಿಯರು ಇದನ್ನು ಮನೆಯಲ್ಲೇ ಕಲಿಯಬಹುದು. ಜೆಂಕಿನ್ಸ್, ಬೇಜೆಲ್ ಎರಡೂ ಉಚಿತ. ಜೆಂಕಿನ್ಸ್‌ಗೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು, ಮೇಲಿನ ಐದು ಕೆಲಸಗಳನ್ನೇ ಅದರಲ್ಲಿ ಬರೆದು ಓಡಿಸಿ ನೋಡಬಹುದು.