ಪರದೇಶದ ಸುಂಕ, ಸ್ವದೇಶದ ಬಾಳು: ಬಾಂಗ್ಲಾದೇಶದ ಸಿದ್ಧ ಉಡುಪಿನ ಉದ್ಯಮ

೧

ಸುಂಕವೆಂಬುದು ರಾಜ್ಯದ ಬೊಕ್ಕಸಕ್ಕೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಸಂಪನ್ನ ರಾಷ್ಟ್ರವೊಂದು ತನ್ನ ರೇವಿನಲ್ಲಿ ವಿಧಿಸುವ ಸುಂಕವೂ, ಆಮದಿಗೆ ಗೊತ್ತುಮಾಡುವ ಮಿತಿಯೂ ಸಾವಿರಾರು ಮೈಲಿಗಳಾಚೆಯ ಬಡಜನರ ಕೂಲಿ, ವಿದ್ಯೆ, ವಿವಾಹ, ಪ್ರಾಣರಕ್ಷಣೆಗಳ ಮೇಲೆ ಕೂಡ ಪರಿಣಾಮವನ್ನುಂಟುಮಾಡುತ್ತವೆ. ಅಂತರರಾಷ್ಟ್ರೀಯ ವ್ಯಾಪಾರದ ನಿಯಮಗಳು ಹಿಂದುಳಿದ ದೇಶಗಳಿಗೆ ಸಂಪತ್ತನ್ನು ತರಬಲ್ಲವೆ, ತಂದರೂ ಅದು ಆ ದೇಶದ ಎಲ್ಲ ವರ್ಗಗಳಿಗೂ ಮುಟ್ಟುವುದೆ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಇದಕ್ಕೆ ಕೇವಲ ತತ್ತ್ವದ ಮಾತಿನಲ್ಲಿ ಉತ್ತರ ಹೇಳುವುದಕ್ಕಿಂತ, ಒಂದು ದೇಶದ ಒಂದು ಉದ್ಯಮದ ಚರಿತ್ರೆಯನ್ನು ಮೊದಲಿನಿಂದ ಪರಿಶೀಲಿಸುವುದು ಹೆಚ್ಚು ಪ್ರಯೋಜನಕರ. ಅಂತಹ ಪರಿಶೀಲನೆಗೆ ಬಾಂಗ್ಲಾದೇಶದ ಸಿದ್ಧ ಉಡುಪಿನ ಉದ್ಯಮವು ಅತ್ಯಂತ ಯೋಗ್ಯವಾದ ದೃಷ್ಟಾಂತಗಳಲ್ಲೊಂದಾಗಿದೆ.

ವಂಗದೇಶದ ಬಟ್ಟೆಯ ಕೀರ್ತಿ ಪುರಾತನವಾದುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉತ್ತಮವಾದ ಹತ್ತಿಬಟ್ಟೆಗೆ ಹೆಸರಾದ ಸೀಮೆಗಳ ನಡುವೆ ವಂಗದ ಉಲ್ಲೇಖವಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಢಾಕೆಯ ಮಸ್ಲಿನ್ ಬಟ್ಟೆ ಮೊಗಲರ ಕಾಲದಲ್ಲಿ ಜಗತ್ಪ್ರಸಿದ್ಧವಾಯಿತು. ಮುಂದೆ ಇಂಗ್ಲೆಂಡಿನ ಪಾರ್ಲಿಮೆಂಟು ತನ್ನ ದೇಶದ ನೇಕಾರರ ರಕ್ಷಣೆಗಾಗಿ ೧೭೦೦ರಲ್ಲಿಯೂ ೧೭೨೧ರಲ್ಲಿಯೂ ಎರಡು ಶಾಸನಗಳನ್ನು ಮಾಡಿತು. ಮೊದಲನೆಯದು ಭಾರತ ಮೊದಲಾದ ಪೂರ್ವದೇಶಗಳ ಬಣ್ಣದಚ್ಚಿನ ಹತ್ತಿಬಟ್ಟೆಯನ್ನು ಅಲ್ಲಿ ಮಾರದಂತೆ ತಡೆದರೆ, ಎರಡನೆಯದು ಅಂತಹ ಬಟ್ಟೆಯ ಬಳಕೆಯನ್ನೇ ನಿಷೇಧಿಸಿತು. ಸಾದಾ ಮಸ್ಲಿನ್ ಈ ನಿಷೇಧಗಳಿಗೆ ನೇರವಾಗಿ ಒಳಗಾಗದಿದ್ದರೂ, ತರುವಾಯದ ಭಾರವಾದ ಸುಂಕಗಳೂ, ಯಂತ್ರದಲ್ಲಿ ನೂತ ಅಗ್ಗದ ನೂಲಿನ ಸ್ಪರ್ಧೆಯೂ ಸೇರಿ ಅದರ ಹಿರಿಮೆಯನ್ನು ಮುರಿದುವು. ಢಾಕೆಯಲ್ಲಿ ಸರ್ಕಾರಿ ವೈದ್ಯನಾಗಿದ್ದ ಜೇಮ್ಸ್ ಟೇಲರನು ೧೮೪೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಪಟ್ಟಣವೂ ಅದರ ನೆಯ್ಗೆಯೂ ಕ್ಷೀಣಿಸಿದ ಬಗೆಯನ್ನು ವಿವರಿಸಿದ್ದಾನೆ. ಇಂದಿನ ಉಡುಪಿನ ಉದ್ಯಮವು ಆ ಪ್ರಾಚೀನ ಕಲೆಯ ಸಂತತಿಯೇನೂ ಅಲ್ಲ. ಆದರೂ ಪರದೇಶದ ವ್ಯಾಪಾರನೀತಿಯು ಒಂದು ನಾಡಿನ ಕಸಬನ್ನು ಕೆಡಿಸಿದುದಕ್ಕೂ, ಅದೇ ನಾಡಿನಲ್ಲಿ ಬೇರೊಂದು ಕಸಬನ್ನು ಹುಟ್ಟಿಸಿದುದಕ್ಕೂ ಢಾಕೆಯೇ ಸಾಕ್ಷಿಯಾಗಿರುವುದು ಗಮನಾರ್ಹ.

೨

೧೯೭೧ರಲ್ಲಿ ಬಾಂಗ್ಲಾದೇಶ ಸ್ವತಂತ್ರವಾದಾಗ ಅದರ ರಫ್ತಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸೆಣಬು ಮತ್ತು ಸೆಣಬಿನ ಸಾಮಾನುಗಳೇ ಆಗಿದ್ದುವು. ಕೃತಕ ನಾರಿನ ಚೀಲಗಳು ಬಂದು ಸೆಣಬಿನ ಬೇಡಿಕೆ ಕುಗ್ಗುತ್ತಿದ್ದ ಕಾಲವದು. ೧೯೭೪ರಲ್ಲಿ ಭೀಕರವಾದ ಕ್ಷಾಮವೂ ಒದಗಿತು. ಇಂತಹ ದೇಶದಲ್ಲಿ ಪಾಶ್ಚಾತ್ಯರಿಗೆ ಅಂಗಿ ಹೊಲಿಯುವ ಕಾರ್ಖಾನೆಗಳು ಸಾವಿರಗಟ್ಟಲೆ ಏಳುವುವೆಂದು ಆಗ ಹೇಳಿದ್ದರೆ ನಂಬುವವರು ವಿರಳವಾಗಿದ್ದಿರಬೇಕು.

ಅದಕ್ಕೆ ಕಾರಣವಾದುದು ಈ ದೇಶವನ್ನು ಉದ್ದೇಶಿಸಿ ಮಾಡಿದ ಯಾವುದೊಂದು ಉಪಕಾರವೂ ಅಲ್ಲ. ಅಗ್ಗವಾದ ಜಪಾನೀ, ಕೊರಿಯನ್, ಹಾಂಗ್‌ಕಾಂಗ್ ಬಟ್ಟೆಗಳಿಂದ ತಮ್ಮ ಗಿರಣಿಗಳನ್ನು ಕಾಪಾಡಿಕೊಳ್ಳಬೇಕೆಂದು ಅಮೆರಿಕಾ ಮತ್ತು ಯುರೋಪಿನ ರಾಷ್ಟ್ರಗಳು ೧೯೬೦ರ ದಶಕದಿಂದ ಹತ್ತಿಬಟ್ಟೆಯ ಆಮದಿಗೆ ಮಿತಿಗಳನ್ನು ಹಾಕುತ್ತ ಬಂದಿದ್ದುವು. ೧೯೭೪ರ ಜನವರಿಯಿಂದ ಜಾರಿಗೆ ಬಂದ ಬಹುನಾರು ಒಪ್ಪಂದವು ಈ ಏರ್ಪಾಡನ್ನು ಉಣ್ಣೆಗೂ ಕೃತಕ ನಾರಿಗೂ ವಿಸ್ತರಿಸಿತು. ಇದರ ಪ್ರಕಾರ, ಒಂದೊಂದು ದೇಶವೂ ಒಂದೊಂದು ಬಗೆಯ ಉಡುಪನ್ನು ವರ್ಷಕ್ಕೆ ಇಷ್ಟೇ ಕಳುಹಿಸತಕ್ಕದ್ದೆಂಬ ಕೋಟಾ ಗೊತ್ತಾಯಿತು. ಕೊರಿಯಾದ ವರ್ತಕರ ಕೈಯಲ್ಲಿ ಯಂತ್ರವಿತ್ತು, ನೈಪುಣ್ಯವಿತ್ತು, ಕೊಳ್ಳುವವರೂ ಇದ್ದರು. ಆದರೆ ಅವರ ದೇಶದ ಕೋಟಾ ತುಂಬಿಹೋಗಿತ್ತು. ಹೀಗಿರಲು, ಕೋಟಾದ ಕಟ್ಟಿಗೆ ಸಿಕ್ಕದ ಬೇರೊಂದು ದೇಶವನ್ನು ಅವರು ಹುಡುಕಲಾರಂಭಿಸಿದರು. ಏನನ್ನೂ ರಫ್ತು ಮಾಡದ ದೇಶಕ್ಕೆ ಕೋಟಾ ಹಾಕುವ ಪ್ರಮೇಯವೇ ಇರಲಿಲ್ಲವಾದುದರಿಂದ, ಬಾಂಗ್ಲಾದೇಶದ ಬಡತನವೇ ಅದರ ಯೋಗ್ಯತಾಪತ್ರವಾಯಿತು. ಸಂಪನ್ನ ದೇಶಗಳ ಕಾರ್ಖಾನೆಗಳನ್ನು ರಕ್ಷಿಸಲು ಹುಟ್ಟಿದ ನಿಯಮವು ಅವರೆಣಿಸದ ದಿಕ್ಕಿನಲ್ಲಿ ಫಲ ಕೊಟ್ಟಿತು.

೩

ನಿವೃತ್ತ ಅಧಿಕಾರಿಗಳಾದ ನೂರುಲ್ ಕಾದರ್ ಎಂಬುವರು ಸ್ಥಾಪಿಸಿದ ದೇಶ್ ಗಾರ್ಮೆಂಟ್ಸ್ ಎಂಬ ಸಂಸ್ಥೆಗೂ ಕೊರಿಯಾದ ಡೇವೂ ಸಂಸ್ಥೆಗೂ ೧೯೭೮ರಲ್ಲಿ ಒಡಂಬಡಿಕೆಯಾಯಿತು. ಯಂತ್ರಗಳನ್ನು ಒದಗಿಸುವುದು, ಕೆಲಸ ಕಲಿಸುವುದು, ಮಾಲನ್ನು ಮಾರಿಕೊಡುವುದು ಇವು ಡೇವೂ ಸಂಸ್ಥೆಯ ಹೊಣೆಗಳು. ಇದಕ್ಕೆ ಪ್ರತಿಯಾಗಿ ಮಾರಾಟದ ಹಣದಲ್ಲಿ ಅದಕ್ಕೊಂದು ಪಾಲು. ೧೯೭೯ರಲ್ಲಿ ೧೩೦ ಮಂದಿ ಬಂಗಾಳಿಗಳು ಕೊರಿಯಾದ ಪುಸಾನ್ ನಗರಕ್ಕೆ ಹೋಗಿ ಆರು ತಿಂಗಳು ಶಿಕ್ಷಣ ಪಡೆದರು. ಅವರಲ್ಲಿ ಕೆಲವರು ಹೆಂಗಸರೂ ಇದ್ದರು. ೧೯೮೦ರಲ್ಲಿ ಉತ್ಪಾದನೆ ಮೊದಲಾಯಿತು. ಆ ವರ್ಷದ ಮಾರಾಟ ಸುಮಾರು ೫೫ ಸಾವಿರ ಡಾಲರು. ೧೯೮೭ರ ವೇಳೆಗೆ ಅದು ೫೩ ಲಕ್ಷ ಡಾಲರಿಗೆ ಏರಿತು.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಪುಸಾನಿನಲ್ಲಿ ಕಲಿತುಬಂದ ೧೩೦ ಮಂದಿಯಲ್ಲಿ ೧೧೫ ಮಂದಿ ಆ ದಶಕದಲ್ಲಿ ದೇಶ್ ಸಂಸ್ಥೆಯನ್ನು ಬಿಟ್ಟು, ಬೇರೆ ಕಾರ್ಖಾನೆಗಳನ್ನು ಸೇರಿದರು, ಇಲ್ಲವೆ ತಾವೇ ಕಾರ್ಖಾನೆಗಳನ್ನು ತೆರೆದರು. ಸಂಸ್ಥೆಗೆ ಇದು ನಷ್ಟವಾದರೂ ದೇಶಕ್ಕೆ ಲಾಭವಾಯಿತು. ಬತ್ತದ ಪೈರು ಒಟ್ಟಲಿನಿಂದ ಗದ್ದೆಗೆ ಹರಡುವಂತೆ ವಿದ್ಯೆ ಒಂದು ಕಾರ್ಖಾನೆಯಿಂದ ನೂರಾರು ಕಾರ್ಖಾನೆಗಳಿಗೆ ಹರಡಿತು.

ಆದರೆ ವಿದ್ಯೆಯೊಂದರಿಂದಲೇ ಉದ್ಯಮ ನಡೆಯದು. ಬಟ್ಟೆ ಕೊಳ್ಳಲು ಬಂಡವಾಳ ಬೇಕು. ಬಂಡವಾಳವಿದ್ದವರು ದೇಶದಲ್ಲಿ ಕೆಲವರೇ. ಈ ತೊಡಕನ್ನು ಸರ್ಕಾರದ ಎರಡು ಏರ್ಪಾಡುಗಳು ನಿವಾರಿಸಿದುವು. ಪರದೇಶದ ಗಿರಾಕಿಯು ಬ್ಯಾಂಕಿನ ಮೂಲಕ ಕಳುಹಿಸಿದ ಭರವಸೆಪತ್ರವನ್ನೇ ಆಧಾರವಾಗಿಟ್ಟುಕೊಂಡು, ಸ್ಥಳೀಯ ಬ್ಯಾಂಕು ಬಟ್ಟೆ ಮಾರುವವನಿಗೆ ಮತ್ತೊಂದು ಭರವಸೆಪತ್ರವನ್ನು ಬರೆದುಕೊಡುವುದು ಮೊದಲನೆಯದು. ಉಡುಪು ಮಾರಾಟವಾಗಿ ಬಂದ ಹಣದಿಂದ ಬಟ್ಟೆಯ ಬೆಲೆ ತೀರುವುದರಿಂದ ಕೈಯಲ್ಲಿ ಹೆಚ್ಚು ಹಣವಿಲ್ಲದವನೂ ಕಾರ್ಖಾನೆಯನ್ನು ನಡೆಸಬಹುದಾಯಿತು. ಮರಳಿ ರಫ್ತಾಗುವ ಬಟ್ಟೆಗೆ ಸುಂಕ ಕೊಡದೆ ಅದನ್ನು ಮುಚ್ಚಳಿಕೆಯ ಮೇಲೆ ಉಗ್ರಾಣದಲ್ಲಿ ಇಟ್ಟುಕೊಳ್ಳಲು ಅನುಮತಿ ಕೊಟ್ಟುದು ಎರಡನೆಯದು. ಕೋಟಾದ ಸಂದು ಇತರ ಬಡ ದೇಶಗಳಿಗೂ ತೆರೆದೇ ಇತ್ತು. ಅದನ್ನು ಈ ಪ್ರಮಾಣದಲ್ಲಿ ಉಪಯೋಗಿಸಿಕೊಂಡ ಬಡ ದೇಶಗಳು ಹೆಚ್ಚಿಲ್ಲ. ಆದುದರಿಂದ ಪರದೇಶದ ನೀತಿ ಕೊಟ್ಟುದು ಅವಕಾಶವನ್ನು ಮಾತ್ರ. ಅದನ್ನು ಉದ್ಯಮವನ್ನಾಗಿ ಮಾಡಿದುದು ಸ್ವದೇಶದ ಏರ್ಪಾಡು ಎಂದು ಹೇಳಬೇಕಾಗುತ್ತದೆ.

ಉದ್ಯಮದ ವೇಗವನ್ನು ಅಂಕಿಗಳೇ ತೋರಿಸುತ್ತವೆ. ೧೯೮೩–೮೪ರಲ್ಲಿ ಸಿದ್ಧ ಉಡುಪಿನ ರಫ್ತು ೩ ಕೋಟಿ ೧೬ ಲಕ್ಷ ಡಾಲರು, ಎಂದರೆ ಒಟ್ಟು ರಫ್ತಿನಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕಡಮೆ. ೨೦೦೪–೦೫ರಲ್ಲಿ ಅದು ಸುಮಾರು ೬೪೦ ಕೋಟಿ ಡಾಲರೂ, ೨೦೧೮–೧೯ರಲ್ಲಿ ಸುಮಾರು ೩,೪೧೩ ಕೋಟಿ ಡಾಲರೂ ಆಗಿ, ಒಟ್ಟು ರಫ್ತಿನ ನೂರಕ್ಕೆ ೮೪ರಷ್ಟನ್ನು ಆಕ್ರಮಿಸಿತು.

೪

ಸಂಪತ್ತು ಬಂದಿತೆಂಬುದು ನಿಸ್ಸಂದೇಹ. ಅದು ಯಾರಿಗೆ ಮುಟ್ಟಿತೆಂಬುದು ಬೇರೆಯ ವಿಚಾರ. ಈ ಉದ್ಯಮದ ಕೆಲಸಗಾರರಲ್ಲಿ ಬಹುಭಾಗ ಹಳ್ಳಿಗಳಿಂದ ಬಂದ ತರುಣಿಯರು. ಹೆಣ್ಣು ಮನೆಯ ಹೊರಗೆ ದುಡಿಯುವುದೇ ಮರ್ಯಾದೆಗೆ ಕುಂದೆಂದು ಎಣಿಸುತ್ತಿದ್ದ ಸಮಾಜದಲ್ಲಿ ಲಕ್ಷಾಂತರ ಹೆಂಗಸರು ಬುತ್ತಿ ಹಿಡಿದು ಬೀದಿಯಲ್ಲಿ ನಡೆದು ಕಾರ್ಖಾನೆಗೆ ಹೋಗುವ ದೃಶ್ಯ ಒಂದು ತಲೆಮಾರಿನೊಳಗೆ ಸಾಮಾನ್ಯವಾಯಿತು. ಸಾಮಾಜಿಕ ಅರ್ಥಶಾಸ್ತ್ರಜ್ಞೆ ನೈಲಾ ಕಬೀರರು ೨೦೦೦ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂತಹ ಹೆಂಗಸರು ಆ ದುಡಿಮೆಯನ್ನು ಕೇವಲ ಗತಿಯಿಲ್ಲದೆ ಒಪ್ಪಿದವರಲ್ಲ, ತಮ್ಮ ಬಾಳಿನ ನಿರ್ಣಯಗಳಲ್ಲಿ ಸ್ವಲ್ಪವಾದರೂ ಸ್ವಾತಂತ್ರ್ಯ ಪಡೆಯಲು ಬಯಸಿ ಆರಿಸಿಕೊಂಡವರೂ ಹೌದು ಎಂಬುದನ್ನು ಅವರ ಮಾತುಗಳ ಆಧಾರದಿಂದಲೇ ಸ್ಥಾಪಿಸಿದ್ದಾರೆ. ರೇಚೆಲ್ ಹೀತ್ ಮತ್ತು ಮುಷ್ಫಿಕ್ ಮೊಬಾರಕ್ ಎಂಬ ಅರ್ಥಶಾಸ್ತ್ರಜ್ಞರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನವು, ಉಡುಪಿನ ಕಾರ್ಖಾನೆಗಳ ಸಮೀಪದ ಗ್ರಾಮಗಳಲ್ಲಿ ಬಾಲಕಿಯರು ಹೆಚ್ಚು ಕಾಲ ಶಾಲೆಯಲ್ಲಿ ಉಳಿಯುವರೆಂದೂ, ಅವರ ವಿವಾಹವೂ ಪ್ರಥಮ ಪ್ರಸವವೂ ತಡವಾಗುವುವೆಂದೂ ತೋರಿಸಿತು. ಲೆಕ್ಕ ಬಲ್ಲವಳಿಗೆ ಕೆಲಸ ಸಿಕ್ಕುವುದಾದರೆ ಮಗಳಿಗೆ ಲೆಕ್ಕ ಕಲಿಸುವುದು ತಂದೆತಾಯಿಗಳಿಗೆ ವ್ಯರ್ಥವೆನಿಸುವುದಿಲ್ಲ.

ಇನ್ನೊಂದು ಪಕ್ಕವೂ ಇದೆ. ೧೯೯೪ರಲ್ಲಿ ತಿಂಗಳಿಗೆ ೯೩೦ ಟಾಕಾ ಎಂದು ಗೊತ್ತಾದ ಕನಿಷ್ಠ ವೇತನ ಹನ್ನೆರಡು ವರ್ಷಗಳ ಕಾಲ, ಬೆಲೆಗಳು ಏರುತ್ತಲೇ ಇದ್ದರೂ, ಅಷ್ಟಕ್ಕೇ ನಿಂತಿತ್ತು. ಬೀದಿಗಿಳಿದ ಕೆಲಸಗಾರರ ಚಳವಳಿಯ ತರುವಾಯ ೨೦೦೬ರಲ್ಲಿ ಅದು ೧,೬೬೨ ಟಾಕಾ ೫೦ ಪೈಸೆಯಾಯಿತು. ೨೦೧೦ರಲ್ಲಿ ೩,೦೦೦, ೨೦೧೩ರಲ್ಲಿ ೫,೩೦೦, ೨೦೧೮ರಲ್ಲಿ ೮,೦೦೦, ೨೦೨೩ರಲ್ಲಿ ೧೨,೫೦೦ ಟಾಕಾ ಆಯಿತು. ಈ ಏರಿಕೆಗಳಲ್ಲಿ ಯಾವುದೂ ರಫ್ತು ಬೆಳೆದ ಮಾತ್ರಕ್ಕೆ ತಾನಾಗಿ ಬಂದುದಲ್ಲ.

೫

ವ್ಯಾಪಾರನೀತಿಯನ್ನೇ ಅಂಕುಶವನ್ನಾಗಿ ಮಾಡಿಕೊಂಡು ಕೆಲಸಗಾರರ ಸ್ಥಿತಿಯನ್ನು ಸುಧಾರಿಸಬಹುದೆಂಬ ವಾದ ಪ್ರಬಲವಾದುದು. ಬಾಂಗ್ಲಾದೇಶದಲ್ಲಿ ಇದರ ಪರೀಕ್ಷೆ ಎರಡು ಬಾರಿ ನಡೆಯಿತು.

ಬಾಲಕರ ದುಡಿಮೆಯಿಂದ ತಯಾರಾದ ಸರಕನ್ನು ಆಮದು ಮಾಡಿಕೊಳ್ಳಬಾರದೆಂಬ ಮಸೂದೆಯನ್ನು ಸೆನೆಟರ್ ಟಾಮ್ ಹಾರ್ಕಿನ್ ೧೯೯೨ರಲ್ಲಿ ಅಮೆರಿಕಾದ ಶಾಸನಸಭೆಯಲ್ಲಿ ಮಂಡಿಸಿದರು. ಮಸೂದೆ ಕಾನೂನಾಗಲೇ ಇಲ್ಲ. ಆದರೂ ಅದರ ಭಯಕ್ಕೇ ಕಾರ್ಖಾನೆಗಳ ಮಾಲೀಕರು ಸುಮಾರು ಐವತ್ತು ಸಾವಿರ ಮಕ್ಕಳನ್ನು ಕೆಲಸದಿಂದ ಬಿಡಿಸಿದರೆಂದು ಯುನಿಸೆಫ್ ಸಂಸ್ಥೆ ಅಂದಾಜು ಮಾಡಿತು. ಅವರಲ್ಲಿ ಅನೇಕರು ಶಾಲೆಯ ಬದಲು ಕಲ್ಲು ಒಡೆಯುವುದಕ್ಕೂ, ಬೀದಿಯ ವ್ಯಾಪಾರಕ್ಕೂ, ಇನ್ನೂ ಹೀನವಾದ ಜೀವನೋಪಾಯಗಳಿಗೂ ಇಳಿದರು. ೧೯೯೫ರಲ್ಲಿ ಮಾಲೀಕರ ಸಂಘ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಯುನಿಸೆಫ್ ಮೂರೂ ಕೂಡಿ, ಮಕ್ಕಳಿಗೆ ಪಾಠಶಾಲೆಯನ್ನೂ ವೇತನನಷ್ಟಕ್ಕೆ ಸ್ವಲ್ಪ ಸಹಾಯಧನವನ್ನೂ ಏರ್ಪಡಿಸುವ ಒಪ್ಪಂದಕ್ಕೆ ಬಂದ ಮೇಲೆಯೇ ಈ ಕ್ಲೇಶಕ್ಕೆ ಕೊಂಚ ಪರಿಹಾರ ದೊರೆತುದು.

ಎರಡನೆಯ ಪರೀಕ್ಷೆ ಘೋರವಾದುದು. ೨೦೧೩ರ ಏಪ್ರಿಲ್ ೨೪ರಂದು ಢಾಕೆಯ ಬಳಿಯ ಸಾವಾರಿನಲ್ಲಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡ ಕುಸಿದು ೧,೧೦೦ಕ್ಕೂ ಹೆಚ್ಚು ಮಂದಿ ಮಡಿದರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡಿದ್ದುವು. ಕೆಳಗಿದ್ದ ಬ್ಯಾಂಕೂ ಅಂಗಡಿಗಳೂ ಬಾಗಿಲು ಮುಚ್ಚಿದುವು. ಮೇಲಿನ ಅಂತಸ್ತುಗಳ ಹೊಲಿಗೆಯವರನ್ನು ಮಾತ್ರ ಕೆಲಸಕ್ಕೆ ಕರೆಸಲಾಯಿತು. ಒಂದೇ ಕಟ್ಟಡದೊಳಗೆ ಯಾರ ಪ್ರಾಣಕ್ಕೆ ಎಷ್ಟು ಬೆಲೆಯೆಂಬುದು ಇಷ್ಟು ಸ್ಪಷ್ಟವಾಗಿ ವ್ಯಕ್ತವಾದ ಸಂದರ್ಭಗಳು ಅಪೂರ್ವ.

ಅದೇ ಜೂನ್ ತಿಂಗಳಲ್ಲಿ ಅಮೆರಿಕಾ ಸರ್ಕಾರವು ಬಾಂಗ್ಲಾದೇಶಕ್ಕೆ ಕೊಟ್ಟಿದ್ದ ಸುಂಕದ ವಿನಾಯಿತಿಗಳನ್ನು ತಡೆಹಿಡಿಯಿತು. ಆದರೆ ಆ ವಿನಾಯಿತಿಗಳ ಪಟ್ಟಿಯಲ್ಲಿ ಉಡುಪು ಮೊದಲಿನಿಂದಲೂ ಇರಲೇ ಇಲ್ಲವಾದುದರಿಂದ ಈ ಕ್ರಮ ಎಚ್ಚರಿಕೆಯಾಯಿತೇ ಹೊರತು ಉದ್ಯಮಕ್ಕೆ ನೇರವಾಗಿ ತಟ್ಟಲಿಲ್ಲ. ಹೆಚ್ಚು ಫಲಕಾರಿಯಾದುದು ಬೇರೆಯ ಬಗೆಯ ಕಟ್ಟುಪಾಡು. ಅದೇ ಮೇ ತಿಂಗಳಲ್ಲಿ ಯುರೋಪಿನ ಹಲವು ವ್ಯಾಪಾರಸಂಸ್ಥೆಗಳು ಕಾರ್ಮಿಕ ಸಂಘಗಳೊಡನೆ ಅಗ್ನಿ ಮತ್ತು ಕಟ್ಟಡಗಳ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿದುವು. ಮುಂದೆ ೨೦೦ಕ್ಕೂ ಹೆಚ್ಚು ಸಂಸ್ಥೆಗಳು ಅದನ್ನು ಸೇರಿದುವು. ಸ್ವತಂತ್ರ ಇಂಜಿನಿಯರುಗಳು ೧,೬೦೦ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಪರೀಕ್ಷಿಸಿ, ದುರಸ್ತಿಗಳನ್ನು ಗೊತ್ತುಮಾಡಿ, ಅದರ ವರದಿಗಳನ್ನು ಪ್ರಕಟಿಸಿದರು. ಕೊಳ್ಳುವವರು ತಮ್ಮ ವಚನವನ್ನು ತಪ್ಪಿದರೆ ಅವರನ್ನು ಪಂಚಾಯಿತಿಗೆ ಎಳೆಯಲು ಸಂಘಗಳಿಗೆ ಹಕ್ಕಿದ್ದುದೇ ಈ ಒಪ್ಪಂದದ ಬಲ. ಬಾಲಕರ ಪ್ರಕರಣದಲ್ಲಿ ಇದ್ದುದು ದೂರದಿಂದ ಬಂದ ಬೆದರಿಕೆ ಮಾತ್ರ. ಇಲ್ಲಿ ಕೆಲಸಗಾರರೂ ಒಬ್ಬ ಪಕ್ಷಕಾರರಾಗಿದ್ದರು, ಖರ್ಚಿನ ಹೊಣೆಯೂ ಗೊತ್ತಾಗಿತ್ತು. ಎರಡು ಪರೀಕ್ಷೆಗಳ ಭಿನ್ನಫಲಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು.

೬

ಇಷ್ಟರಲ್ಲಿ ಉದ್ಯಮಕ್ಕೆ ಜನ್ಮವಿತ್ತ ನಿಯಮವೇ ಇಲ್ಲವಾಗಿತ್ತು. ಜಾಗತಿಕ ವ್ಯಾಪಾರ ಸಂಸ್ಥೆಯ ಸ್ಥಾಪನೆಯೊಡನೆ ೧೯೯೫ರಲ್ಲಿ ಆರಂಭವಾದ ಹತ್ತು ವರ್ಷಗಳ ಅವಧಿ ಮುಗಿದು, ೨೦೦೫ರ ಜನವರಿ ೧ರಂದು ಕೋಟಾಗಳು ರದ್ದಾದುವು. ಚೀನಾದ ಸ್ಪರ್ಧೆಯಲ್ಲಿ ಬಾಂಗ್ಲಾದೇಶ ನಾಶವಾಗುವುದೆಂದು ಹಲವರು ಭವಿಷ್ಯ ನುಡಿದಿದ್ದರು. ಹಾಗಾಗಲಿಲ್ಲ. ಚೀನಾದ ಉಡುಪಿನ ಮೇಲೆ ಅಮೆರಿಕಾ ಮತ್ತು ಯುರೋಪು ಇನ್ನೂ ಕೆಲವು ವರ್ಷ ಮಿತಿಯಿಟ್ಟಿದ್ದುವು. ಅಲ್ಲದೆ ಅತಿ ಹಿಂದುಳಿದ ದೇಶಗಳ ಆಯುಧವೊಂದನ್ನುಳಿದ ಎಲ್ಲ ಸರಕಿಗೂ ಸುಂಕವಿಲ್ಲವೆಂಬ ನಿಯಮವನ್ನು ಯುರೋಪಿನ ಒಕ್ಕೂಟ ೨೦೦೧ರಲ್ಲಿಯೇ ಜಾರಿಗೆ ತಂದಿತ್ತು.

ಈ ವಿನಾಯಿತಿಯ ಒಳಗಿದ್ದ ಒಂದು ಸೂಕ್ಷ್ಮವು ವಿಚಾರಾರ್ಹ. ಉಡುಪು ‘ಬಾಂಗ್ಲಾದೇಶದ್ದು’ ಎನ್ನಿಸಿಕೊಳ್ಳಲು ಹೊಲಿಗೆಯೊಂದೇ ಸಾಲದು, ಬಟ್ಟೆಯೂ ಅಲ್ಲಿಯೇ ತಯಾರಾಗಿರಬೇಕೆಂದು ಉತ್ಪತ್ತಿಸ್ಥಾನದ ನಿಯಮ ವಿಧಿಸಿತ್ತು. ನೂಲಿನಿಂದ ಹೆಣೆಯುವ ಬನಿಯನ್ನು ಮೊದಲಾದುವುಗಳಿಗೆ ಬೇಕಾದ ಬಟ್ಟೆ ದೇಶದಲ್ಲಿ ಬೇಗ ತಯಾರಾಗತೊಡಗಿದುದರಿಂದ ಆ ಶಾಖೆ ಬೆಳೆಯಿತು. ನೆಯ್ದ ಬಟ್ಟೆಯನ್ನು ಹೊರದೇಶಗಳಿಂದ ತರಿಸುತ್ತಿದ್ದ ಅಂಗಿಯ ಶಾಖೆಗೆ ಮಾತ್ರ ವಿನಾಯಿತಿ ಬಹುಪಾಲು ಕೈಗೆಟುಕಲಿಲ್ಲ. ೨೦೧೧ರಿಂದ ಹೊಲಿಗೆಯೊಂದೇ ಸಾಕೆಂದು ನಿಯಮ ಸಡಿಲವಾದಮೇಲೆ ಅದಕ್ಕೂ ಬಾಗಿಲು ತೆರೆಯಿತು. ಸುಂಕ ಸೊನ್ನೆಯೆಂದು ಸಾರುವುದಕ್ಕೂ, ಆ ಸೊನ್ನೆ ಬಡವನ ಕೈಗೆ ಸೇರುವುದಕ್ಕೂ ನಡುವೆ ಇಂತಹ ಉಪನಿಯಮಗಳು ನಿಂತಿರುತ್ತವೆ.

ಬಾಂಗ್ಲಾದೇಶವು ೨೦೨೬ರ ನವೆಂಬರ್ ೨೪ರಂದು ಅತಿ ಹಿಂದುಳಿದ ದೇಶಗಳ ವರ್ಗದಿಂದ ಮೇಲೇರತಕ್ಕದ್ದೆಂದು ವಿಶ್ವಸಂಸ್ಥೆಯ ಮಹಾಸಭೆ ೨೦೨೧ರಲ್ಲಿ ನಿರ್ಣಯಿಸಿತು. ವರ್ಗದಿಂದ ಮೇಲೇರಿದ ದೇಶಕ್ಕೆ ಯುರೋಪಿನ ಒಕ್ಕೂಟ ಹಳೆಯ ವಿನಾಯಿತಿಯನ್ನು ಇನ್ನು ಮೂರು ವರ್ಷ ಮುಂದುವರಿಸುವ ನಿಯಮವಿದೆ. ಬಡತನ ನೀಗಿದುದೇ ವಿನಾಯಿತಿ ತಪ್ಪುವುದಕ್ಕೆ ಕಾರಣವಾಗುವ ವೈಚಿತ್ರ್ಯ ಇಲ್ಲಿದೆ. ಸುಂಕ ಮರಳಿದಾಗ ಅದರ ಭಾರವನ್ನು ಕೊಳ್ಳುವವನು ಹೊರುವನೋ, ಮಾಲೀಕನು ಹೊರುವನೋ, ಹೊಲಿಯುವವಳ ಕೂಲಿಯ ಮೇಲೆ ಬೀಳುವುದೋ ಎಂಬುದು ಆ ಮೂವರ ಪರಸ್ಪರ ಬಲವನ್ನು ಅವಲಂಬಿಸಿದೆ.

ಮೇಲಿನ ಪರಿಶೀಲನೆಯಿಂದ ಒಂದು ಸಿದ್ಧಾಂತಕ್ಕೆ ಬರಬಹುದು. ಪರದೇಶದ ವ್ಯಾಪಾರನೀತಿ ಬಡನಾಡಿಗೆ ಬಾಗಿಲನ್ನು ತೆರೆಯಬಲ್ಲುದು, ಮುಚ್ಚಲೂ ಬಲ್ಲುದು. ಬಾಗಿಲಿನೊಳಕ್ಕೆ ನಡೆಯುವ ಶಕ್ತಿಯನ್ನು ಕೊಡುವುವು ಸ್ವದೇಶದ ಬ್ಯಾಂಕು, ಶಾಲೆ, ಕಾನೂನುಗಳು. ಬಂದ ಸಂಪತ್ತಿನಲ್ಲಿ ದುಡಿಯುವವರ ಪಾಲು ಎಷ್ಟೆಂಬುದು ನಿರ್ಣಯವಾಗುವುದಾದರೋ ಅವರಿಗೆ ಆ ನಿರ್ಣಯದಲ್ಲಿ ಮಾತನಾಡುವ ಹಕ್ಕಿದ್ದಾಗ ಮಾತ್ರ. ಬಿರುಕುಬಿಟ್ಟ ಕಟ್ಟಡದೊಳಕ್ಕೆ ಹೋಗಲಾರೆನೆಂದು ಹೇಳುವ ಹಕ್ಕು ಅದರಲ್ಲಿ ಮೊದಲನೆಯದು.